ಹೆರಾಲ್ಡ್ ಮುಂದಿನ ಸಸ್ಪೆನ್ಷನ್‌ಗೆ ಕ್ರೋಮ್ ಹಾಕಿಸಬಹುದಾ?

ಮೂಡಿಗೆರೆಹೆರಾಲ್ಡ್:
ಅಪ್ಪನ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಬಿಚ್ಚಿ ಕೂತಿದ್ದೇನೆ. ಇದರ ಬಾನೆಟ್ ಮುಂದಕ್ಕೆ ಮಗುಚಿದರೆ ಸಸ್ಪೆನ್ಷನ್ ಪೂರ್ತಿ ಕಾಣುತ್ತದೆ, ಅಲ್ವಾ? ಅದಕ್ಕೇ ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು), ಸ್ಪ್ರಿಂಗ್ ಎಲ್ಲಕ್ಕೂ ಕ್ರೋಮ್ ಹಾಕಿಸುವ ಆಸೆ. ಹಾಸನದಲ್ಲಿ ಬಂಪರ್‌ಗೆ ಕ್ರೋಮ್ ಮಾಡಿಕೊಟ್ಟವರು "ಕೊಡಿ ಸಾರ್, ಮಾಡೋಣ" ಅಂದರು. ಕೊಡಲಾ?

ಹಳೇಸ್ಪ್ಯಾನರ್:
ಸ್ಪ್ರಿಂಗ್ ಮಾತ್ರ ಬೇಡ. ಆಸಿಡ್‌ಗೆ ಅದ್ದಿ ಕರೆಂಟ್ ಹರಿಸುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿ ಉಕ್ಕು ಪೆಡಸಾಗಿ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಆ ಹೈಡ್ರೋಜನ್ ಹೊರಹಾಕಲು ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 190 ಡಿಗ್ರಿಯಲ್ಲಿ ಬೇಯಿಸಬೇಕು. ಬಂಪರ್ ಅಂಗಡಿಯಲ್ಲಿ ಓವನ್ ಇದೆಯಾ, ಕೇಳಿ ನೋಡಿ! ಚಕ್ರ ಹಿಡಿದು ನಿಲ್ಲುವ ವರ್ಟಿಕಲ್ ಲಿಂಕ್ ಕೂಡ ಮುಟ್ಟಬೇಡಿ, ಹೆರಾಲ್ಡ್ ಕೈ ಕೊಡುವುದೇ ಅಲ್ಲಿ. ಅಂದಹಾಗೆ, ಆ ಲಿಂಕ್‌ನ ಕೆಳತುದಿ ತಿರುಗುವ ಟ್ರನಿಯನ್‌ಗೆ ಗ್ರೀಸ್ ಅಲ್ಲ, 90 ಗೇರ್ ಆಯಿಲ್.

ಮಲೆನಾಡ್‌ಗ್ಯಾರೇಜ್:
ನನ್ನ ವಿಶ್‌ಬೋನಿನಲ್ಲಿ ಬುಷ್ (ರಬ್ಬರ್ ತೋಳು) ಕೂರುವ ತೂತಿಗೂ ಕ್ರೋಮ್ ಹಾಕಿಬಿಟ್ಟಿದ್ದರು. ಬುಷ್ ಒಳಗೆ ಹೋಗಲೇ ಇಲ್ಲ. ಅರ ಹಿಡಿದು ಎರಡು ಸಂಜೆ ಉಜ್ಜಿದೆ. ತೂತು ಮುಚ್ಚಿಸಿ ಕೊಡಿ. ನಮ್ಮ ಮಳೆಗೆ ತುಕ್ಕು ತಡೆಯುವುದು ಅಡಿಯ ನಿಕಲ್, ಮೇಲಿನ ಕ್ರೋಮ್ ಸುಮ್ನೆ ಹೊಳಪಿಗೆ.

ಮೂಡಿಗೆರೆಹೆರಾಲ್ಡ್:
ಸರಿ, ಸ್ಪ್ರಿಂಗಿಗೆ ಕಪ್ಪು ಪೇಂಟ್. ಅಪ್ಪ ಆಗಲೇ "ಮೊದಲು ಬ್ರೇಕ್ ನೋಡೋ" ಅಂತಿದ್ದಾರೆ.