ಫೈಬರ್ ಮತ್ತು ವಿದ್ಯುತ್ ಪಿನ್‌ಗಳು ಒಂದೇ ಕನೆಕ್ಟರ್‌ನಲ್ಲಿದ್ದಾಗ ಸೋರಿಕೆ ಪ್ರವಾಹ ಏಕೆ ಏರುತ್ತದೆ?

ಪ್ರಶ್ನೆ

ನಮಸ್ಕಾರ. ಹೃದಯದೊಳಗೆ ಹೋಗುವ ಕ್ಯಾತಿಟರ್ (ತೆಳುವಾದ ಕೊಳವೆ) ಒಂದರ ಕನೆಕ್ಟರ್ ವಿನ್ಯಾಸದಲ್ಲಿ ತೊಡಗಿದ್ದೇನೆ. ಕ್ಯಾತಿಟರ್ ಒಮ್ಮೆ ಬಳಸಿ ಬಿಸಾಡುವಂಥದ್ದು. ಅದನ್ನು ಯಂತ್ರಕ್ಕೆ ಜೋಡಿಸುವ ಕೇಬಲ್ ಮಾತ್ರ ಮರುಬಳಕೆಯದು. ಕನೆಕ್ಟರ್‌ನಲ್ಲಿ ಎಲೆಕ್ಟ್ರೋಡ್‌ಗಳಿಗಾಗಿ ಆರು ಪಿನ್‌ಗಳಿವೆ, ನಡುವೆ ಕ್ಯಾತಿಟರ್ ತುದಿಯ ಒತ್ತಡವನ್ನು ಅಳೆಯುವ ಬ್ರ್ಯಾಗ್ ಗ್ರೇಟಿಂಗ್ ಫೈಬರ್ (ಒತ್ತಡಕ್ಕೆ ತಕ್ಕಂತೆ ಬೇರೆ ತರಂಗಾಂತರದ ಬೆಳಕನ್ನು ಹಿಂದಿರುಗಿಸುವ ಗಾಜಿನ ಎಳೆ) ಇದೆ. ಫೈಬರ್ ತುದಿಯನ್ನು ಉಕ್ಕಿನ ತೋಳಿನಲ್ಲಿ ಕೂರಿಸಿ, ಹಿಂದಿನಿಂದ ಸ್ಪ್ರಿಂಗ್ ಕೊಟ್ಟಿದ್ದೇವೆ.

ಒಣಗಿದ್ದಾಗ ರೋಗಿಯ ಕಡೆಯ ಸೋರಿಕೆ ಪ್ರವಾಹ (ಬೇಡದ ದಾರಿಯಲ್ಲಿ ಹರಿಯುವ ವಿದ್ಯುತ್) 4 ಮೈಕ್ರೋ ಆಂಪಿಯರ್‌ಗಿಂತ ಕಡಿಮೆ ಇರುತ್ತದೆ. ಕನೆಕ್ಟರ್‌ಗೆ ಸಲೈನ್ ಸಿಡಿಸಿ ಒರೆಸಿದ ಮೇಲೆ ಅದು 10ರ ಮಿತಿಯನ್ನು ದಾಟುತ್ತದೆ, ಜೊತೆಗೆ ಬೆಳಕಿನ ನಷ್ಟವೂ 0.3ರಿಂದ 2 ಡೆಸಿಬೆಲ್‌ಗೆ ಏರುತ್ತದೆ. ಫೈಬರ್ ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ಆ ಕಡೆಯ ಚಿಂತೆಯನ್ನೇ ನಾವು ಮಾಡಿರಲಿಲ್ಲ. ಎಲ್ಲಿ ತಪ್ಪಿದ್ದೇವೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಗಾಜು ನಿರೋಧಕವೇ ನಿಜ, ಆದರೆ ಅದರ ಸುತ್ತ ನೀವು ಕೂರಿಸಿರುವುದೆಲ್ಲ ಲೋಹ. ಆ ಉಕ್ಕಿನ ತೋಳು ಮತ್ತು ಸ್ಪ್ರಿಂಗ್ ಹಿಂದೆ ಎಲ್ಲಿಗೆ ತಾಗುತ್ತವೆ ಎಂದು ಮೊದಲು ನೋಡಿ. ಅವು ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟುತ್ತಿದ್ದರೆ, ಪಿನ್‌ನಿಂದ ಒದ್ದೆಯಾದ ಪ್ಲಾಸ್ಟಿಕ್ ಮೇಲ್ಮೈಯ ಮೂಲಕ ತೋಳಿಗೆ, ತೋಳಿನಿಂದ ಭೂಮಿಗೆ ಒಂದು ದಾರಿ ತೆರೆದಂತಾಯಿತು. ಫೈಬರ್ ಬಳಸಿದ್ದರಿಂದ ಸಿಗಬೇಕಾಗಿದ್ದ ಪ್ರತ್ಯೇಕತೆಯನ್ನು ಅದನ್ನು ಹಿಡಿದಿರುವ ಭಾಗವೇ ಕಳೆದುಹಾಕಿದೆ.

ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60601-1ರ ಪ್ರಕಾರ ಹೃದಯಕ್ಕೆ ನೇರವಾಗಿ ತಾಗುವ ಸಿಎಫ್ ವರ್ಗದ ಭಾಗಗಳಿಗೆ ಸಾಮಾನ್ಯ ಸ್ಥಿತಿಯಲ್ಲಿ 10, ಒಂದು ದೋಷವಿದ್ದಾಗ 50 ಮೈಕ್ರೋ ಆಂಪಿಯರ್ ಮಿತಿಯಿದೆ. ಅಷ್ಟು ಸಣ್ಣ ಪ್ರವಾಹ ಹರಿಯುವುದಕ್ಕೆ ತೆಳುವಾದ ಉಪ್ಪುನೀರಿನ ಪದರವೇ ಸಾಕು. ಆದ್ದರಿಂದ ರೋಗಿಯ ಕಡೆಯನ್ನು ಭೂಮಿಯ ಕಡೆಯಿಂದ ಬೇರ್ಪಡಿಸುವ ನಿರೋಧಕ ಗಡಿ ಯಂತ್ರದ ಒಳಗಿರಬೇಕು, ಕನೆಕ್ಟರ್‌ನ ಒಂದೊಂದು ಲೋಹದ ಚೂರನ್ನೂ ರೋಗಿಯ ಕಡೆಯದೆಂದೇ ಎಣಿಸಬೇಕು. ಗಡಿಯಲ್ಲಿ 250 ವೋಲ್ಟ್‌ಗೆ ರೋಗಿಯ ರಕ್ಷಣೆಯ ಎರಡು ಹಂತಗಳು ಬೇಕಾದರೆ ಗಾಳಿಯಲ್ಲಿ 5 ಮಿಲಿಮೀಟರ್, ಮೇಲ್ಮೈಯ ಉದ್ದಕ್ಕೂ 8 ಮಿಲಿಮೀಟರ್ ಅಂತರ ಕೊಡಬೇಕಾಗುತ್ತದೆ. ಪಿನ್‌ಗಳು ಒಂದೇ ಸಮತಟ್ಟಾದ ಮುಖದಲ್ಲಿ ನಿಲ್ಲುವ ಬದಲು ಒಂದೊಂದೂ ತನ್ನದೇ ಗುಳಿಯಲ್ಲಿದ್ದರೆ, ನಡುವೆ ಏಣುಗಳಿದ್ದರೆ, ನೀರು ಹರಿಯಬೇಕಾದ ದಾರಿ ತಾನಾಗಿಯೇ ಉದ್ದವಾಗುತ್ತದೆ. ಉಕ್ಕಿನ ತೋಳಿನ ಬದಲು ಜಿರ್ಕೋನಿಯಾ ಫೆರೂಲ್ (ಫೈಬರ್ ತುದಿಯನ್ನು ಹಿಡಿಯುವ ಪಿಂಗಾಣಿಯಂಥ ಕೊಳವೆ), ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಹೋಲ್ಡರ್ ಹಾಕಿ. ಕೇಬಲ್‌ನಲ್ಲಿ ಎಳೆತ ತಡೆಯಲು ಉಕ್ಕಿನ ತಂತಿಯಿದ್ದರೆ ಅದನ್ನು ವಿದ್ಯುತ್ ಹರಿಸದ, ಗಟ್ಟಿಯಾದ ಅರಾಮಿಡ್ ನೂಲಿಗೆ ಬದಲಿಸಿ.

ಇನ್ನೊಂದು ಮಾತು. ಬೇರ್ಪಟ್ಟಿರುವಾಗಲೂ ಆ ಪಿನ್‌ಗಳು ಬೆರಳಿಗಾಗಲಿ, ಚಪ್ಪಟೆ ಲೋಹದ ಮೇಲ್ಮೈಗಾಗಲಿ ತಾಗದಂತೆ ಒಳಸರಿದಿರಬೇಕು. ರೋಗಿಯ ತಂತಿಗಳ ಬರಿಯ ಪಿನ್‌ಗಳು ವಿದ್ಯುತ್ ಸಾಕೆಟ್‌ಗೆ ಸೇರಿಕೊಂಡು ಸಾವುಗಳೇ ಸಂಭವಿಸಿದ್ದವು. ಅದರಿಂದಾಗಿಯೇ 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ತಂತಿಗಳಿಗೆ ಕಡ್ಡಾಯ ಮಾನದಂಡ ತಂದಿತು. ಇದನ್ನು ಕಾಗದದ ನಿಯಮವೆಂದು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಎರಡನೆಯ ಉತ್ತರ

ಬೆಳಕಿನ ನಷ್ಟದ ಬಗ್ಗೆ ಹೇಳುವುದಾದರೆ, ಸಿಂಗಲ್ ಮೋಡ್ ಫೈಬರ್‌ನಲ್ಲಿ (ಬೆಳಕು ಒಂದೇ ವಿಧದಲ್ಲಿ ಸಾಗುವ ಫೈಬರ್) ಬೆಳಕು ಹೋಗುವ ತಿರುಳು ಸುಮಾರು 9 ಮೈಕ್ರಾನ್ ಅಗಲ. ಒಣಗಿದ ಸಲೈನ್‌ನ ಒಂದು ಹರಳು ಅದನ್ನು ಪೂರ್ತಿ ಮುಚ್ಚಬಲ್ಲದು. ಗಾಜಿಗೆ ಗಾಜು ಒತ್ತುವ ಜೋಡಣೆಯಲ್ಲಿ ನಡುವೆ ಸಿಕ್ಕ ಗಟ್ಟಿ ಕಣಗಳು ತುದಿಯನ್ನು ಗೀರಬಹುದು, ಹಾಗೆ ಗೀರಿದ ಮೇಲೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. ಪಿನ್‌ಗಳು ಉಜ್ಜಿದಾಗ ಉದುರುವ ಚಿನ್ನದ ಲೇಪದ ಚೂರುಗಳೂ ಅಲ್ಲಿಗೇ ಬಂದು ಬೀಳುತ್ತವೆ. ಹಾಗಾಗಿ ಫೈಬರ್‌ಗೆ ಸಿಲಿಕೋನ್ ಸೀಲ್ ಇರುವ ಬೇರೆಯೇ ಕೋಣೆ ಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಲೆನ್ಸ್‌ನಿಂದ ಕಿರಣವನ್ನು ಅಗಲಿಸಿ, ನಡುವೆ ಗಾಳಿ ಬಿಡುವ ಜೋಡಣೆಯನ್ನು ಆರಿಸುತ್ತಿದ್ದೆ. ಅದರಲ್ಲಿ ಮೂಲ ನಷ್ಟ ಹೆಚ್ಚು, ಕೋನ ತಪ್ಪಿದರೆ ಸಹಿಸುವುದಿಲ್ಲ; ಆದರೆ ಅದೇ ಗಾತ್ರದ ಧೂಳು ಅಗಲವಾದ ಕಿರಣದ ಅತಿ ಸಣ್ಣ ಪಾಲನ್ನಷ್ಟೇ ತಡೆಯುತ್ತದೆ. ಗ್ರೇಟಿಂಗ್ ಒತ್ತಡವನ್ನು ಬೆಳಕಿನ ತರಂಗಾಂತರದಲ್ಲಿ ಹೇಳುತ್ತದೆಯೇ ಹೊರತು ಪ್ರಮಾಣದಲ್ಲಲ್ಲ, ಆದ್ದರಿಂದ ಒಂದು ಡೆಸಿಬೆಲ್ ಹೆಚ್ಚು ಹೋದರೂ ಅಳತೆ ಕೆಡುವುದಿಲ್ಲ. ಜೋಡಣೆಯಲ್ಲೇ ತಟ್ಟಿ ಹಿಂದಿರುಗಿ, ಗ್ರೇಟಿಂಗ್‌ನಿಂದ ಬರುವ ಬೆಳಕಿನೊಡನೆ ಬೆರೆಯುವ ಹಿಮ್ಮುಖ ಪ್ರತಿಫಲನವೇ ನಿಮ್ಮ ನಿಜವಾದ ಶತ್ರು: ಒತ್ತುವ ಜೋಡಣೆಯನ್ನೇ ಉಳಿಸಿಕೊಳ್ಳುವುದಾದರೆ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರಬೇಕು.

ಮೂರನೆಯ ಉತ್ತರ

ಇದೇ ಕನೆಕ್ಟರ್‌ನಲ್ಲಿ ಮುಂದೆ ಚಿಕಿತ್ಸೆಯ ಲೇಸರ್ ಹೋಗುವುದಿದ್ದರೆ ಇಂಟರ್‌ಲಾಕ್ ಪಿನ್ನನ್ನು (ಸೇರಿದ್ದಾಗ ಮಾತ್ರ ಲೇಸರ್ ಉರಿಯಲು ಬಿಡುವ ಪಿನ್) ಉಳಿದವಕ್ಕಿಂತ ಗಿಡ್ಡ ಮಾಡಿ. ಅದು ಕೊನೆಗೆ ಸೇರಿ ಮೊದಲು ಬಿಡುವುದರಿಂದ, ಫೈಬರ್ ಬೇರ್ಪಡುವುದಕ್ಕೂ ಮುನ್ನ ಲೇಸರ್ ನಿಂತಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕನೆಕ್ಟರ್ ಒಂದನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೂರನೆಯ ಪಿನ್‌ನ ಬುಡದಿಂದ ಉಕ್ಕಿನ ತೋಳಿನವರೆಗೆ ಕೂದಲೆಳೆಯಷ್ಟು ಬಿಳಿಯ ಉಪ್ಪಿನ ಗೆರೆ ಕಟ್ಟಿತ್ತು, ಸ್ಪ್ರಿಂಗ್‌ನ ಹಿಂತುದಿ ಯಂತ್ರದ ಕಡೆಯ ಲೋಹದ ಬಳೆಗೆ ತಾಗಿಯೇ ಇತ್ತು. ಆ ಬಳೆಯನ್ನು ಪೀಕ್‌ಗೆ ಬದಲಿಸಿ, ಜಿರ್ಕೋನಿಯಾ ಫೆರೂಲ್ ಹಾಕಿ, ಸಲೈನ್ ಸಿಡಿಸಿ ಮತ್ತೆ ಅಳೆದಾಗ 5 ಮೈಕ್ರೋ ಆಂಪಿಯರ್ ಬಂತು. ಗಡಿಯನ್ನು ಯಂತ್ರದ ಒಳಕ್ಕೆ ಸರಿಸುವ ಕೆಲಸ ಈಗ ನಕ್ಷೆಯ ಹಂತದಲ್ಲಿದೆ. ಲೆನ್ಸ್ ಜೋಡಣೆಯ ಮಾದರಿ ಸಿದ್ಧವಾದ ಮೇಲೆ ಅದರ ನಷ್ಟದ ಅಳತೆಗಳನ್ನೂ ಇಲ್ಲಿಯೇ ಬರೆಯುತ್ತೇನೆ.