ನಾಣಿಯ ವ್ಯಾನಿಗೂ ಬೈಪಾಸ್

"ವ್ಯಾನಿನ ಕೂಗು ನಿಂತಿತೇ?" ಕುರ್ಚಿ ಎಳೆದುಕೊಳ್ಳುವ ಮೊದಲೇ ರಂಗಣ್ಣ ಕೇಳಿದ.

"ಎಲ್ಲಿ ನಿಲ್ಲುತ್ತದೆ? ಏಸಿಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ, ಆದರೂ ಕಿರ್ರೆನ್ನುತ್ತಿದೆ. ಬೆಲ್ಟಿಗೆ ಸೋಪು ತಿಕ್ಕಿದೆ. ಅರ್ಧ ಗಂಟೆ ಸುಮ್ಮನಿತ್ತು," ಎಂದ ನಾಣಿ.

"ಅದು ರಿಪೇರಿಯಲ್ಲಪ್ಪ, ಅಭ್ಯಂಜನ."

"ರಿಪೇರಿ ಯಾರಿಗೆ ಬೇಕು? ಏಸಿಯನ್ನೇ ಬೈಪಾಸ್ ಮಾಡುತ್ತೇನೆ."

ಈಚೆಗೆ ಆ ಪದ ಕಿವಿಗೆ ಬಿದ್ದರೆ ಸಾಕು, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ರಂಗಣ್ಣ ಸಿಡಿಯುತ್ತಾನೆ. "ನಮ್ಮ ಮನೆಯ ನೀರಿನ ಫಿಲ್ಟರ್ ಕೆಟ್ಟಿತು. ಬಂದ ಹುಡುಗ ಐದೇ ನಿಮಿಷದಲ್ಲಿ ಬೈಪಾಸ್ ಮಾಡಿ ಹೋದ. ಈಗ ಫಿಲ್ಟರನ್ನು ನೋಡಿಕೊಂಡು ನಲ್ಲಿ ನೀರು ಕುಡಿಯುತ್ತೇವೆ. ಮೆಟ್ಟಿಲ ದೀಪದ ಸ್ವಿಚ್ ಕೆಟ್ಟಿತು, ಅದಕ್ಕೂ ಬೈಪಾಸ್. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಉರಿಯುತ್ತದೆ, ಸೂರ್ಯನಿಗೆ ದಾರಿ ತೋರಿಸಲು. ರಿಪೇರಿ ಎಂಬ ಮಾತನ್ನೇ ಜನ ಬೈಪಾಸ್ ಮಾಡಿಬಿಟ್ಟರು!"

"ಬೈಪಾಸನ್ನು ಹಾಗೆಲ್ಲ ಹಳಿಯಬೇಡ," ಸೀತಾರಾಮುವಿಗೆ ನೋವಾಯಿತು. ಹೊಸ ಹೆದ್ದಾರಿಯನ್ನು ಸ್ವಂತ ಅಳಿಯನಂತೆ ಕಾಣುವವನು ಅವನು. "2023ರಿಂದ ಬೆಂಗಳೂರು ಮೈಸೂರು ನಡುವಿನ 118 ಕಿಲೋಮೀಟರ್ ಹೇಗಾಗಿದೆ ನೋಡು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ನಮ್ಮ ಮಂಡ್ಯ, ಶ್ರೀರಂಗಪಟ್ಟಣ, ಯಾವ ಊರಿನ ತಂಟೆಯೂ ಇಲ್ಲ."

"ಅದನ್ನೇ ನಾನೂ ಹೇಳುತ್ತಿರುವುದು. ತಟ್ಟೆ ಇಡ್ಲಿ, ಗೊಂಬೆ, ವಡೆ, ಎಲ್ಲ ಇದ್ದ ದಾರಿಯಲ್ಲಿ ಈಗ ಹಸಿರು ಬೋರ್ಡು, ಬಿಳಿ ಬಾಣ. ಬಾಣ ತಿಂದರೆ ಹೊಟ್ಟೆ ತುಂಬುತ್ತದೆಯೇ?"

ಮಾತು ವಡೆಯ ಕಡೆ ಜಾರಿದ್ದನ್ನು ಕಂಡು ನಾಣಿ ಚೀಲದಿಂದ ಹೊಸ ಬೆಲ್ಟೊಂದನ್ನು ತೆಗೆದು ಮೇಜಿನ ಮೇಲೆ ಸುರುವಿದ. ಒಳ್ಳೆ ಕೇರೆಹಾವಿನಷ್ಟು ಉದ್ದ. ಒಳಮೈಗೆ ಉದ್ದಕ್ಕೂ ಆರು ಸಾಲಿನ ಗೀರು.

"ಮೂರು ರಾತ್ರಿ ವಿಡಿಯೋ ನೋಡಿ ಕಲಿತಿದ್ದೇನೆ. ಅಮೆರಿಕದವನೊಬ್ಬ ತನ್ನ ಹಳೆಯ ಡಾಡ್ಜ್ ಕ್ಯಾರವಾನಿಗೆ ಮಾಡಿ ತೋರಿಸಿದ. ಅದರಲ್ಲಿ ಎಲ್ಲಕ್ಕೂ ಒಂದೇ ಬೆಲ್ಟು. ಏಸಿಯ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಚಕ್ರ, ಹಿಡಿದುಕೊಂಡರೆ ಬೆಲ್ಟು ಸುಟ್ಟು ಹರಿದು, ಬ್ಯಾಟರಿಯ ಚಾರ್ಜು, ನೀರಿನ ಪಂಪು, ಪವರ್ ಸ್ಟೀರಿಂಗು ಎಲ್ಲ ಒಟ್ಟಿಗೆ ಮಲಗುತ್ತವೆ. ಅದಕ್ಕೇ ಏಸಿಯ ಗ್ಯಾಸು ಒತ್ತುವ ಕಂಪ್ರೆಸರಿನ ಜಾಗದಲ್ಲಿ ಬರಿಯ ಪುಲ್ಲಿ ಕೂರಿಸಬೇಕು, ಇಲ್ಲವೇ ಅದನ್ನು ಬಿಟ್ಟು ಸುತ್ತುವ ಗಿಡ್ಡ ಬೆಲ್ಟು ಹಾಕಬೇಕು."

"ನಿನ್ನ ವ್ಯಾನ್ ಯಾವುದು?"

"2003ರ ಓಮ್ನಿ. ಯಾಕೆ?"

"ಪವರ್ ಸ್ಟೀರಿಂಗ್ ಇದೆಯೇ?"

"ನನ್ನ ತೋಳೇ ಪವರ್."

"ಪಕ್ಕದ ಮನೆಯವನ ಜಾತಕ ತೋರಿಸಿ ನಿನ್ನ ಮದುವೆಗೆ ಮುಹೂರ್ತ ಇಡಿಸಿದ ಹಾಗಾಯಿತು. ಕರೆಯೋ ಮೆಕ್ಯಾನಿಕ್ ಬಾಬಣ್ಣನನ್ನು."

ಬಾಬಣ್ಣ ಕೈಯೊರೆಸಿಕೊಳ್ಳುತ್ತ ಬಂದು ಮುಂದಿನ ಸೀಟನ್ನು ಎತ್ತಿದ. 796 ಸಿಸಿ ಎಂಜಿನ್ ಅಲ್ಲೇ, ಕೂರುವವನ ಅಡಿಯಲ್ಲೇ ಇದೆ. ಬೇಸಗೆಯಲ್ಲಿ ಮಂಡ್ಯದಿಂದ ಮೈಸೂರು ತಲುಪುವಷ್ಟರಲ್ಲಿ ನಾಣಿ ಒಂದು ಮಗ್ಗುಲು ಬೆಂದ ದೋಸೆಯಾಗಿರುತ್ತಾನೆ. ಬಾಬಣ್ಣ ಕಡಲೆಕಾಯಿ ಸಿಪ್ಪೆಗಳನ್ನು ಊದಿ, ಏಸಿಯ ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದ. ಗಡಗಡ ಎಂದಿತು.

"ಬೇರಿಂಗ್ ಹೋಗಿದೆ ಸ್ವಾಮಿ. ಫ್ಯೂಸು ಕಿತ್ತರೆ ಏಸಿಯ ಕ್ಲಚ್ಚು ಹಿಡಿಯುವುದಿಲ್ಲ, ನಿಜ. ಆದರೆ ಬೆಲ್ಟು ಇರುವ ತನಕ ಪುಲ್ಲಿ ತಿರುಗುತ್ತಲೇ ಇರುತ್ತದೆ. ಕೂಗುತ್ತಿರುವುದು ಅದು."

"ಅದಕ್ಕೇ ಈ ಬೆಲ್ಟು ತಂದೆ..."

"ಇದು ಗೀರಿನ ಬೆಲ್ಟು. ನಿಮ್ಮ ಪುಲ್ಲಿಗೆ ಬೇಕಾದದ್ದು ವಿ ಬೆಲ್ಟು. ಅಲ್ಲದೆ ಇದರಲ್ಲಿ ಏಸಿಗೆ ಬೇರೆಯೇ ಬೆಲ್ಟಿದೆ. ಅದನ್ನು ತೆಗೆದು ಬಿಸಾಕಿದರೆ ಆಯಿತು. ಗ್ಯಾಸಿನ ಪೈಪುಗಳನ್ನು ಮಾತ್ರ ಮುಟ್ಟಬೇಡಿ, ಹಾಗೇ ಇರಲಿ."

"ಮೂರು ರಾತ್ರಿಯ ವಿದ್ಯೆ ಎರಡು ನಿಮಿಷದಲ್ಲಿ ಬೈಪಾಸ್!" ರಂಗಣ್ಣ ತೊಡೆ ತಟ್ಟಿದ.

ಬಾಬಣ್ಣ ಡೈನಮೋ ಬೆಲ್ಟನ್ನೂ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ಬಗ್ಗಿಸಿ ಹಿಡಿದ. ಬತ್ತಿದ ಕೆರೆಯಂಗಳದಂತೆ ಉದ್ದಕ್ಕೂ ಬಿರುಕು. ನೀರಿನ ಪಂಪನ್ನು ತಿರುಗಿಸುವುದೂ ಅದೇ ಆದ್ದರಿಂದ ಅದಕ್ಕೆ ಬೈಪಾಸ್ ಇಲ್ಲ. ಹೊಸದನ್ನು ಹಾಕಿ, ಡೈನಮೋವನ್ನು ಮೀಟಿ ಬಿಗಿ ಮಾಡಿ, ಹೆಬ್ಬೆರಳಿನಿಂದ ಒತ್ತಿ ಸಡಿಲ ನೋಡಿದ. ಗಾಡಿ ಚಾಲೂ ಆಯಿತು. ಕೂಗಿಲ್ಲ.

ನಾಣಿ ಏಸಿಯ ಹಳೆಯ ಬೆಲ್ಟನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದ, "ಈ ಏಸಿ ಹಾಕಿಸಿದ್ದು ಅಪ್ಪನಿಗೆ ಬೈಪಾಸ್ ಆದ ವರ್ಷ. ಧೂಳು, ಸೆಕೆ ತಾಗಬಾರದು ಅಂತ. ತಪಾಸಣೆ ಮುಗಿಸಿ ಬೆಂಗಳೂರಿನಿಂದ ಬರುವಾಗ ಚನ್ನಪಟ್ಟಣದವರೆಗೆ ಸುಮ್ಮನಿರುತ್ತಿದ್ದರು. ಮದ್ದೂರು ಹತ್ತಿರವಾಯಿತೋ, ಹಿಂದಿನ ಗಾಜು ಸರಿಸಿಬಿಡುತ್ತಿದ್ದರು. ತಂಪೆಲ್ಲ ಹೋಗುತ್ತದಪ್ಪ ಅಂದರೆ, ವಡೆ ತಿನ್ನಬಾರದು ಅಂದಿದ್ದಾರೆ, ಮೂಸಬಾರದು ಅಂದಿಲ್ಲವಲ್ಲ ಅನ್ನುತ್ತಿದ್ದರು."

ಸೀತಾರಾಮುವಿಗೆ ಹೆದ್ದಾರಿಯ ಪರವಾಗಿ ಏನೂ ಹೊಳೆಯಲಿಲ್ಲ.

"ಡ್ಯಾಶ್‌ಬೋರ್ಡಿನ ಏಸಿ ಸ್ವಿಚ್ಚೂ ಕಿತ್ತುಬಿಡಲೇ?" ಬಾಬಣ್ಣ ಕೇಳಿದ.

"ಬೇಡ. ಅದು ಇರಲಿ."

ರಂಗಣ್ಣ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು. "ಬನ್ನಿರೋ, ಹಳೆಯ ರಸ್ತೆಯಲ್ಲಿ ಮದ್ದೂರಿನವರೆಗೆ ಓಡಿಸಿ ನೋಡೋಣ," ಎಂದು ಗಾಜನ್ನು ಎಳೆದ. ಬರಲಿಲ್ಲ. ಎರಡೂ ಕೈ ಕೊಟ್ಟು ಎಳೆದ.

"ನಾಣೀ, ಆ ಸೋಪು ಇನ್ನೂ ಇದೆಯೇನೋ?"