ಗಕಾರವೋ ಜಕಾರವೋ: ಕಹಳೆಬಂಡೆಯ ಮೇಲೊಂದು ನಿಘಂಟು

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ರಾಯರು, ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರದ ಚಿಕ್ಕಪ್ಪನೊಬ್ಬರ ನಿಧನವಾರ್ತೆಯನ್ನು ಕಂಡ ಕೂಡಲೇ ಸದ್ಗತಿ ಕೋರುವ ನಾಲ್ಕು ಸಾಲು ಬರೆದು, ಕೊನೆಯಲ್ಲಿ 'ಎಲ್‌ಓಎಲ್' ಎಂದು ಸೇರಿಸಿದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ. 'ಲಾಟ್ಸ್ ಆಫ್ ಲವ್', ಅಂದರೆ ಅಪಾರ ಪ್ರೀತಿಯೊಂದಿಗೆ, ಎಂಬುದು ರಾಯರ ತಿಳಿವಳಿಕೆ. 'ಲಾಫಿಂಗ್ ಔಟ್ ಲೌಡ್', ಅಂದರೆ ಗಹಗಹಿಸಿ ನಗುತ್ತಿದ್ದೇನೆ, ಎಂಬುದು ಉಳಿದ ಲೋಕದ ತಿಳಿವಳಿಕೆ. ವೈಕುಂಠ ಸಮಾರಾಧನೆಯ ದಿನ ರಾಯರ ಎಲೆಗೆ ಮಾತ್ರ ಪಾಯಸ ಎರಡನೆಯ ಸಲ ಬರಲಿಲ್ಲವಂತೆ.

ಇಂಥ ಅನಾಹುತ ಇನ್ನಾವ ಹಿರಿಯರಿಗೂ ಆಗಬಾರದೆಂದು, ಬಸವನಗುಡಿಯ ಕಹಳೆಬಂಡೆಯ ಮೇಲೆ ಸಂಜೆ ಸೇರುವ ನಾವು ನಾಲ್ವರು ರಾಜ್ಯೋತ್ಸವದ ಹೊತ್ತಿಗೆ ಅಂತರಜಾಲದ ಪಡ್ಡೆನುಡಿಗಳ ಒಂದು ಕೈಪಿಡಿಯನ್ನು ಹೊರತರುವುದೆಂದು ತೀರ್ಮಾನವಾಯಿತು. ಕನ್ನಡ ಮೇಷ್ಟರು ಸಂಪಾದಕರು, ವಕೀಲರು ಸಲಹೆಗಾರರು, ಸಂತ್ರಸ್ತರಾದ ರಾಯರು ಗೌರವಾಧ್ಯಕ್ಷರು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕಾಗಿ ನಾನು ಲಿಪಿಕಾರ.

ಮೊದಲ ಪದ ಸಹಜವಾಗಿಯೇ ರಾಯರದು. ಅವರ ಮುಖ ಸಪ್ಪಗಿರುವುದನ್ನು ಕಂಡ ವಕೀಲರು ಪೂರ್ವನಿದರ್ಶನವೊಂದನ್ನು ಮಂಡಿಸಿದರು. "ತಾವು ಕುಗ್ಗಬೇಕಾಗಿಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ಅವರೂ ಇದನ್ನು ಅಪಾರ ಪ್ರೀತಿಯೆಂದೇ ನಂಬಿ ತಮ್ಮ ಸಂದೇಶಗಳ ಕೊನೆಗೆ ಬರೆಯುತ್ತಿದ್ದರೆಂದೂ, ಅದು ನಗುವಿನ ಸಂಕೇತವೆಂದು ತಿಳಿದ ಮೇಲೆ ಬಿಟ್ಟರೆಂದೂ, ಪತ್ರಿಕಾ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ರೆಬೆಕಾ ಬ್ರೂಕ್ಸ್ 2012ರಲ್ಲಿ, ಅಲ್ಲಿನ ಪತ್ರಿಕೆಗಳ ನಡವಳಿಕೆ ಕುರಿತ ಲೆವೆಸನ್ ವಿಚಾರಣೆಯ ಮುಂದೆ ಸಾಕ್ಷ್ಯ ನುಡಿದಿದ್ದಾರೆ."

"ಅವರಿಗೆ ಪಾಯಸ ತಪ್ಪಿತೇ?" ಎಂದು ರಾಯರು ಕೇಳಿದರು. ವಕೀಲರ ಬಳಿ ಆ ಬಗ್ಗೆ ದಾಖಲೆಯಿರಲಿಲ್ಲ.

ಅರ್ಥವೇನೋ ಇತ್ಯರ್ಥವಾಯಿತು, ಬರೆಯುವುದು ಹೇಗೆ? ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಬೇಕೆಂದು ರಾಯರು, ಕೂಡಿಸಿ 'ಲೋಲ್' ಎನ್ನಬೇಕೆಂದು ವಕೀಲರು. ಇಂಗ್ಲಿಷಿನ ಆ ಒಕಾರವನ್ನು ನಮ್ಮವರು ಕಾಫಿ, ಆಫೀಸುಗಳಲ್ಲಿ ಆಕಾರವಾಗಿಯೇ ಬರೆದಿರುವುದರಿಂದ 'ಲಾಲ್' ಎಂಬುದೇ ಶಾಸ್ತ್ರಸಮ್ಮತವೆಂದು ಮೇಷ್ಟರು ವಾದಿಸಿದರು. "ಹಾಗಾದರೆ 1760ರಲ್ಲಿ ಹೈದರಾಲಿ ಮಾಡಿಸಲು ಹೊರಟ ಲಾಲ್‌ಬಾಗು ಗಹಗಹಿಸಿ ನಗುವವರ ತೋಟವೆಂದಾಯಿತು" ಎಂದು ವಕೀಲರು ಕುಟುಕಿದರೆ, ಮೇಷ್ಟರು ಕಿಂಚಿತ್ತೂ ವಿಚಲಿತರಾಗದೆ, "ಬೆಳಗಿನ ಹೊತ್ತು ನಗೆಕೂಟದವರ ಬಳಿ ಹೋಗಿ ನಿಂತು ನೋಡಿ, ಅರ್ಥ ಸರಿಯಾಗಿಯೇ ಇದೆ" ಎಂದರು.

ಆದರೆ ನಿಜವಾದ ಕುರುಕ್ಷೇತ್ರ ನಡೆದದ್ದು ಎರಡನೆಯ ಪದದ ಮೇಲೆ: ದಾಸವಾಳದ ಮೊಗ್ಗು ಅರಳಿ, ಮುದುಡಿ, ಮತ್ತೆ ಅರಳುತ್ತ ದಿನವೂ ನಮಗೆ ಶುಭೋದಯ ಹಾರೈಸುವ ಆ ಚಲಿಸುವ ಚಿತ್ರದ ಹೆಸರು. ಮೊಮ್ಮಗಳು "ತಾತ, ನಿಮಗೊಂದು ಗಿಫ್ ಕಳಿಸಿದ್ದೇನೆ" ಎಂದಾಗ ಕೊನೆಯ ಟಕಾರ ತಮಗೆ ಕೇಳಿಸಲಿಲ್ಲವೆಂದು ಭಾವಿಸಿ, ಉಡುಗೊರೆ ಬರುವುದೆಂದು ರಾಯರು ಎರಡು ದಿನ ಕೊರಿಯರ್‌ನವನ ದಾರಿ ಕಾದಿದ್ದರಂತೆ.

"ಅದು ಗಿಫ್ ಅಲ್ಲ, ಜಿಫ್" ಎಂದು ವಕೀಲರು ಎದ್ದುನಿಂತೇ ಹೇಳಿದರು. "1987ರಲ್ಲಿ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ಸ್ಟೀವ್ ವಿಲ್‌ಹೈಟ್ ಅವರದೇ ತೀರ್ಪು ಇದು. 2013ರಲ್ಲಿ ಅವರಿಗೆ ವೆಬ್ಬಿ ಪ್ರಶಸ್ತಿ ಬಂದಾಗ, ಭಾಷಣ ಐದು ಪದಗಳನ್ನು ಮೀರಬಾರದೆಂಬ ಅಲ್ಲಿನ ನಿಯಮದಂತೆ, ಆ ಐದೂ ಪದಗಳನ್ನು ಅವರು ಈ ಉಚ್ಚಾರಣೆಯ ಇತ್ಯರ್ಥಕ್ಕೇ ವಿನಿಯೋಗಿಸಿದರು. ಹೆತ್ತವರು ಇಟ್ಟ ಹೆಸರನ್ನು ನೆರೆಹೊರೆಯವರು ಬದಲಾಯಿಸುವಂತಿಲ್ಲ."

"ಹೆತ್ತವರು ವೆಂಕಟಸುಬ್ಬರಾಯನೆಂದು ಇಟ್ಟರೂ ಬೀದಿಯವರು ಸುಬ್ಬು ಎಂದೇ ಕರೆಯುತ್ತಾರೆ. ಮೊದಲಕ್ಷರ ಗ್ರಾಫಿಕ್ಸ್‌ನದು, ನೀವು ಜ್ರಾಫಿಕ್ಸ್ ಎನ್ನುತ್ತೀರಾ?" ಎಂದರು ಮೇಷ್ಟರು.

"ಫೋಟೋ ಕಡತವಾದ ಜೇಪೆಗ್‌ನ ಪಕಾರ ಫೋಟೋಗ್ರಾಫಿಕ್‌ನದು, ನೀವು ಜೇಫೆಗ್ ಎನ್ನುತ್ತೀರಾ?"

ಈ ಸವಾಲು ಜವಾಬುಗಳು ಅರ್ಧ ಗಂಟೆ ನಡೆದವು, ಮತ್ತು ಆ ಅರ್ಧ ಗಂಟೆಯೂ ನನ್ನ ಲೇಖನಿ ಗಾಳಿಯಲ್ಲೇ ಇತ್ತು. ಕನ್ನಡ ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯೆಂದು ಮೇಷ್ಟರು ಮೂವತ್ತು ವರ್ಷ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಟ್ಟದ್ದು ಲಿಪಿಕಾರನ ಕೊರಳಿಗೆ ಹೇಗೆ ಉರುಳಾಗುತ್ತದೆಂಬುದು ನನಗೆ ಅಂದು ಅರಿವಾಯಿತು. ಇಂಗ್ಲಿಷಿನವನು ಆ ಮೂರು ಅಕ್ಷರಗಳನ್ನು ಬರೆದು ಕೈತೊಳೆದುಕೊಳ್ಳುತ್ತಾನೆ. ಮೊದಲನೆಯದು ಗಕಾರವೋ ಜಕಾರವೋ ಎಂಬುದು ಓದುವವನ ಪಾಡು. ಅವರಲ್ಲಿ ಈ ಜಗಳ ದಶಕಗಳಿಂದ ಬಗೆಹರಿಯದಿದ್ದರೂ ಅಚ್ಚಿನ ಕೆಲಸ ಒಂದು ದಿನವೂ ನಿಂತಿಲ್ಲ. ನನಗೆ ಆ ಸವಲತ್ತು ಎಲ್ಲಿದೆ? ಲೇಖನಿ ಕಾಗದಕ್ಕೆ ತಾಗಿದ ಕ್ಷಣವೇ ನಾನು ಇಬ್ಬರು ಗೆಳೆಯರಲ್ಲಿ ಒಬ್ಬರ ಪಕ್ಷ ಸೇರಿ, ಇನ್ನೊಬ್ಬರ ಬೈಟೂ ಕಾಫಿಯನ್ನು ಕಳೆದುಕೊಂಡಿರುತ್ತೇನೆ. ಜಯನಗರದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಇದ್ದಿದ್ದರೆ ನಡೆದೇ ಹೋಗಿ ಕೇಳಬಹುದಾಗಿತ್ತು. ಆ ಹಿರಿಯರು 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು.

ಮೊದಲಕ್ಷರವನ್ನು ಖಾಲಿ ಬಿಟ್ಟು ಎರಡನೆಯದಕ್ಕೆ ಹೋಗೋಣವೆಂದರೆ ಅಲ್ಲಿಯೂ ನೆಮ್ಮದಿಯಿಲ್ಲ. ಅದು 'ಫಲ'ದ ಮಹಾಪ್ರಾಣವಲ್ಲ, 'ಫ್ಯಾನಿನ' ಉಸಿರು ಎಂದು ತೋರಿಸಲು ಕೆಳಗೆ ಎರಡು ಚುಕ್ಕೆಗಳನ್ನಿಡಬೇಕೆಂದು ಮೇಷ್ಟರು ಹಟ ಹಿಡಿದರು. ಬೆಂಗಳೂರಿನಲ್ಲಿ ಫಲವನ್ನೂ ಫ್ಯಾನಿನಂತೆಯೇ ಉಚ್ಚರಿಸುವ ತಲೆಮಾರು ಬಂದಾಗಿದೆ, ಚುಕ್ಕೆಗಳನ್ನು ಯಾರು ನೋಡುತ್ತಾರೆ ಎಂದರು ವಕೀಲರು. "ಗಿಪ್ ಎಂದುಬಿಡಿ, ನಮ್ಮ ಮನೆಯಲ್ಲಿ ಎಲ್ಲರೂ ಅಷ್ಟೇ ಹೇಳುವುದು" ಎಂದ ಗೌರವಾಧ್ಯಕ್ಷರನ್ನು ಉಭಯ ಪಕ್ಷಗಳೂ ಒಟ್ಟಾಗಿ ಸುಮ್ಮನಿರಿಸಿದವು.

ಜಾಲದಲ್ಲಿ ಹರಿದಾಡುವ ನಗೆಚಿತ್ರವಾದ ಮೀಮಿನ ಮೀಮಾಂಸೆ ಮಾತ್ರ ಎರಡೇ ನಿಮಿಷದಲ್ಲಿ ಮುಗಿಯಿತು, ಏಕೆಂದರೆ 1976ರಲ್ಲಿ ಆ ಪದವನ್ನು ಟಂಕಿಸಿದ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, ಅದು 'ಕ್ರೀಮ್' ಪದಕ್ಕೆ ಪ್ರಾಸವಾಗಬೇಕೆಂದು ಆಗಲೇ ಬರೆದಿಟ್ಟಿದ್ದರು, ಮತ್ತು ಕ್ರೀಮ್ ಬನ್ನಿನ ವಿಷಯದಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. 'ಗೋಟ್' ಬಂದಾಗ ಸ್ವಲ್ಪ ಗದ್ದಲವಾಯಿತು. ಸೋದರಳಿಯನು ತಮ್ಮ ಫೋಟೋದ ಕೆಳಗೆ ಅದನ್ನು ಬರೆದಾಗ ತಮ್ಮನ್ನು ಮೇಕೆಯೆಂದನೆಂದು ಸಿಟ್ಟಾಗಿ ವಕೀಲರು ಒಂದು ತಿಂಗಳು ಮಾತು ಬಿಟ್ಟಿದ್ದರು. ಸಾರ್ವಕಾಲಿಕ ಶ್ರೇಷ್ಠನೆಂದು ಹೊಗಳುವ ಇಂಗ್ಲಿಷ್ ಪದಗಳ ಮೊದಲಕ್ಷರಗಳವು ಎಂದು ಆಮೇಲೆ ತಿಳಿಯಿತು. ತೀರ್ಥಹಳ್ಳಿ ಕಡೆಯವರಾದ ಮೇಷ್ಟರು, ತಮ್ಮ ಸೀಮೆಯಲ್ಲಿ ಗೋಟೆಂದರೆ ಹಣ್ಣಾಗಿ ಒಣಗಿದ ಅಡಿಕೆಯೆಂದೂ, ಆ ಅರ್ಥದಲ್ಲಿ ಅದು ನಮ್ಮ ನಾಲ್ವರಿಗೂ ಒಪ್ಪುತ್ತದೆಂದೂ ಟಿಪ್ಪಣಿ ಬರೆಸಿದರು.

ಇಷ್ಟಾದ ಮೇಲೆ ಮೇಷ್ಟರು, ಈ ಹುಡುಗರು ಭಾಷೆಯನ್ನು ಮೊಟಕುಗೊಳಿಸಿ ಕೊಲ್ಲುತ್ತಿದ್ದಾರೆಂದು ನಿಟ್ಟುಸಿರಿಟ್ಟರು. ವಕೀಲರು ಅದಕ್ಕೂ ದಾಖಲೆ ತೆಗೆದರು: 'ಓ ಮೈ ಗಾಡ್' ಎಂಬುದನ್ನು 'ಓಎಂಜಿ' ಎಂದು ಮೊಟಕುಗೊಳಿಸಿ 1917ರಲ್ಲಿ ಚರ್ಚಿಲ್ಲರಿಗೆ ಪತ್ರ ಬರೆದವನು ಹುಡುಗನಲ್ಲ, ನೌಕಾಪಡೆಯ ಅಡ್ಮಿರಲ್ ಆಗಿದ್ದ ಲಾರ್ಡ್ ಫಿಶರ್, ಆಗ ಅವರ ವಯಸ್ಸು 76. ಬರುವ ತಿಂಗಳು 76ಕ್ಕೆ ಕಾಲಿಡಲಿರುವ ಮೇಷ್ಟರು ಆ ವಿಷಯವನ್ನು ಮುಂದುವರಿಸಲಿಲ್ಲ. ಬದಲಿಗೆ ತಮ್ಮದೇ ಒಂದು ಸಂಕಟ ತೋಡಿಕೊಂಡರು. ಗಣಿತದಲ್ಲಿ ಎಷ್ಟು ಬಂತೆಂದು ಮೊಮ್ಮಗನನ್ನು ಕೇಳಿದರೆ, ಅವನು ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮೇಲೆ ಕೆಳಗೆ ಆಡಿಸುತ್ತ 'ಸಿಕ್ಸ್ ಸೆವೆನ್' ಎಂದನಂತೆ. 67 ಅಂಕವೆಂದು ತಿಳಿದು ಇವರು ನೂರು ರೂಪಾಯಿ ಬಹುಮಾನ ಕೊಟ್ಟರು. ಬಂದಿದ್ದದ್ದು ಮೂವತ್ತೊಂದು.

"ಅದಕ್ಕೆ ನಿರ್ದಿಷ್ಟ ಅರ್ಥವೇ ಇಲ್ಲ" ಎಂದರು ವಕೀಲರು. "ಆದರೂ ಡಿಕ್ಷನರಿ ಡಾಟ್ ಕಾಮ್ ಅದನ್ನು 2025ರ ವರ್ಷದ ಪದವೆಂದು ಆರಿಸಿತು."

"ಅರ್ಥವೇ ಇಲ್ಲದ ಪದಕ್ಕೆ ಪ್ರಶಸ್ತಿ, ಅರ್ಥ ತುಸು ತಪ್ಪಿದ ಪದಕ್ಕೆ ಪಾಯಸವೂ ಇಲ್ಲ" ಎಂದು ರಾಯರು ಮರುಗಿದರು.

ನಾನು ಅದನ್ನು ಕನ್ನಡಕ್ಕೆ ತಂದು 'ಆರು ಏಳು' ಎಂದು ಬರೆದು ಗಟ್ಟಿಯಾಗಿ ಓದಿದೆ. ಓದಿದ ಮೇಲೆ, ಶಾಲೆಯ ದಿನಗಳಲ್ಲಿ ಅಮ್ಮ ಹೊದಿಕೆ ಎಳೆಯುತ್ತ "ಗಂಟೆ ಆರು, ಏಳು" ಎನ್ನುತ್ತಿದ್ದುದು ನೆನಪಾಯಿತು. ಮೇಷ್ಟರ ಹುಬ್ಬು ಗಂಟಿಕ್ಕಿತು. "ಹಿರಿಯರಿಗಾಗಿ ಬರೆಯುತ್ತಿರುವ ಕೈಪಿಡಿಯಲ್ಲಿ ಏಕವಚನವೇ? ತಿದ್ದಿ."

ಅಷ್ಟರಲ್ಲಿ ಉದ್ಯಾನದ ದೀಪಗಳು ಹೊತ್ತಿಕೊಂಡವು. ರಾಯರು ಗಡಿಯಾರ ನೋಡಿಕೊಂಡು, ಮಂಡಿ ಹಿಡಿದುಕೊಂಡು ಎದ್ದು, ಅತ್ಯಂತ ಗೌರವದಿಂದ ನಮ್ಮ ಮೂವರಿಗೂ "ಆರು, ಏಳಿ" ಎಂದರು. ಯಾರ ಆಕ್ಷೇಪಣೆಯೂ ಇಲ್ಲದೆ ನಾನು ಆ ಸಂಜೆ ಬರೆದುಕೊಂಡದ್ದು ಅದೊಂದನ್ನೇ.